ಯಾವ ನೆಲದಲ್ಲಿ ಆಡ್ತಾಳೆ, ಮೇಡಂ?

ಸ್ಟಡ್ಸ್, ಶಿನ್ ಗಾರ್ಡ್, ಮಂಡಿವರೆಗಿನ ಸಾಕ್ಸ್ ಕಡ್ಡಾಯ. ಶಾಲೆಯ ವಾಟ್ಸಾಪ್ ಗ್ರೂಪಿಗೆ ಫುಟ್‌ಬಾಲ್ ಕೋಚ್ ಹಾಕಿದ್ದು ಇಷ್ಟೇ. ಸ್ಟಡ್ ಅಂದರೆ ಬೂಟಿನ ತಳದ ಮೊಳೆಯಂಥ ಉಬ್ಬು, ಅದಿರುವ ಬೂಟಿಗೂ ಅದೇ ಹೆಸರು. ಯಾವ ಥರದ ಸ್ಟಡ್ಸ್, ಎಷ್ಟು ದುಡ್ಡಿನದು, ಎಲ್ಲಿ ಸಿಗುತ್ತೆ, ಒಂದೂ ಇಲ್ಲ. ಕೇಳೋಣ ಅಂದರೆ ನಮ್ಮ ಮನೆಯಲ್ಲಿ ಫುಟ್‌ಬಾಲ್ ಆಡಿದವರೇ ಇಲ್ಲ. ನಮ್ಮೆಜಮಾನರು ಕ್ರಿಕೆಟ್ ಆಡಿದ್ದಾರೆ, ಅದೂ ಬೀದಿಯಲ್ಲಿ, ಹವಾಯಿ ಚಪ್ಪಲಿ ಹಾಕಿಕೊಂಡು.

ಅಣ್ಣನ ಮಗ ಶಾಲೆಯಲ್ಲಿದ್ದಾಗ ಆಡುತ್ತಿದ್ದ. ಅವನ ಹಳೇ ಬೂಟು ಅಟ್ಟದ ಮೇಲೆ ಇತ್ತು. ಅತ್ತಿಗೆ ಒರೆಸಿ ಕೊಟ್ಟರು, ಸೈಜೂ ಸರಿಹೋಯಿತು. ಬೆಳೆಯುವ ಮಕ್ಕಳ ವಿಷಯದಲ್ಲಿ ಹೀಗೆ ಕೈ ಬದಲಾಗುವ ಬೂಟು ಒಳ್ಳೆಯದೇ, ಅದನ್ನು ಈಗಲೂ ಹೇಳ್ತೀನಿ. ಒಂದು ಸ್ಟಡ್ ಮುರಿದಿತ್ತು ಅನ್ನೋದು ಬಿಟ್ಟರೆ ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಅದು ಹುಲ್ಲಿನ ಮೈದಾನಕ್ಕೆ ಮಾಡಿದ ಬೂಟು. ನಮ್ಮ ಮಗಳ ಶಾಲೆಯದು ಕೆಮ್ಮಣ್ಣಿನ ಮೈದಾನ. ಬೇಸಿಗೆಯಲ್ಲಿ ಅಲ್ಲಿ ಸಲಾಕೆ ಹಾಕಿದರೂ ಒಳಗೆ ಇಳಿಯಲ್ಲ, ಮೇಲೆ ಸಣ್ಣ ಜಲ್ಲಿ ಬೇರೆ.

ಒಂದಷ್ಟು ವಾರ ಕಳೆದ ಮೇಲೆ ಅವಳು ಬೆಳಿಗ್ಗೆ ಎದ್ದು ಹಿಮ್ಮಡಿ ಊರದೆ ತುದಿಗಾಲಲ್ಲಿ ಬಚ್ಚಲಿಗೆ ಹೋಗುತ್ತಿದ್ದುದು ಕಣ್ಣಿಗೆ ಬಿತ್ತು. "ಏನೇ ಅದು?" ಅಂದರೆ "ಏನಿಲ್ಲಮ್ಮ, ಜುಮ್ ಅಂದಿದೆ" ಅಂತ ಸುಳ್ಳು. ಆಟ ಬಿಡಿಸ್ತೀವಿ ಅನ್ನೋ ಭಯ ಅವಳಿಗೆ. ಮೂಳೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಅವಳ ಹಿಮ್ಮಡಿಯನ್ನು ಎರಡೂ ಕಡೆಯಿಂದ ಅಂಗೈಯಲ್ಲಿ ಒತ್ತಿದರು. ಅವಳು ಕುರ್ಚಿಯಿಂದ ಎದ್ದೇಬಿಟ್ಟಳು.

ಸೀವರ್ಸ್ ಅಂತ ಹೆಸರು ಹೇಳಿದರು. ಎಂಟು ವರ್ಷದಿಂದ ಹದಿನಾಲ್ಕರ ಆಸುಪಾಸಿನವರೆಗೆ, ಓಡಿ ಆಡುವ ಮಕ್ಕಳಲ್ಲಿ ಮಾಮೂಲು. ಆ ವಯಸ್ಸಲ್ಲಿ ಹಿಮ್ಮಡಿ ಮೂಳೆಯ ಹಿಂಬದಿಯಲ್ಲಿ ಇನ್ನೂ ಬೆಳೆಯುತ್ತಿರುವ ಮೆದು ಭಾಗ ಇರುತ್ತೆ. ಮೀನಖಂಡದಿಂದ ಇಳಿದು ಬರುವ ದಪ್ಪ ನಾರು ಅಲ್ಲೇ ಬಂದು ಅಂಟಿಕೊಂಡಿರೋದು. ಮೂಳೆ ಬೇಗ ಉದ್ದ ಆಗುತ್ತೆ, ನಾರು ಹಿಂದೆ ಬೀಳುತ್ತೆ, ಬಿಗಿಯಾಗಿ ಎಳೆಯುತ್ತೆ. ಮೇಲಿಂದ ಗಟ್ಟಿ ನೆಲದ ಏಟು. ಹೆದರಬೇಡಿ, ಬೆಳವಣಿಗೆ ಮುಗಿದ ಮೇಲೆ ತಾನಾಗೇ ಹೋಗುತ್ತೆ, ಸದ್ಯಕ್ಕೆ ಓಟ ಕಡಿಮೆ ಮಾಡಲಿ, ಐಸ್ ಇಡಿ, ಮೀನಖಂಡ ಎಳೆಯುವ ವ್ಯಾಯಾಮ ಮಾಡಿಸಿ, ಬೂಟಿನ ಒಳಗೆ ಹಿಮ್ಮಡಿಗೆ ಮೆತ್ತನೆಯ ಪ್ಯಾಡು ಹಾಕಿ ಅಂದರು. ಆಮೇಲೆ "ಬೂಟು ತಂದಿದೀರಾ?" ಅಂತ ಕೇಳಿದರು.

ತಂದಿದ್ದೆ. ಕವುಚಿ ತೋರಿಸಿದರು. ಹಿಮ್ಮಡಿ ಕೆಳಗೆ ನಾಲ್ಕೇ ನಾಲ್ಕು ಸ್ಟಡ್. ಹುಲ್ಲಿನ ಮೇಲಾದರೆ ಅವು ನೆಲದೊಳಗೆ ಇಳಿಯುತ್ತವೆ, ಇಡೀ ತಳ ನೆಲಕ್ಕೆ ಕೂರುತ್ತೆ. ಕಲ್ಲಿನಂಥ ನೆಲದಲ್ಲಿ ಇಳಿಯೋಕೆ ಜಾಗ ಎಲ್ಲಿ? ಮೈ ಭಾರ ಎಲ್ಲ ಆ ನಾಲ್ಕು ತುದಿಯ ಮೇಲೆ, ಅಲ್ಲಿಂದ ನೇರ ಹಿಮ್ಮಡಿಗೆ. ಬೂಟನ್ನು ಕವುಚಿ ನೋಡೋ ಅಭ್ಯಾಸ ನನಗೆ ಅವತ್ತು ಹತ್ತಿದ್ದು.

ನೋವು ಇಳಿದು, ಡಾಕ್ಟರ್ ಆಡಬಹುದು ಅಂದ ಮೇಲೆ ಶಿವಾಜಿನಗರದ ಕಡೆ ಒಂದು ಹಳೇ ಸ್ಪೋರ್ಟ್ಸ್ ಅಂಗಡಿಗೆ ಹೋದೆವು. ಮುಂದೆ ಕಪ್ಪು, ಶೀಲ್ಡು, ಮೆಡಲು ತೂಗುಹಾಕಿರ್ತಾರಲ್ಲ, ಅಂಥದ್ದು. ಆನ್‌ಲೈನಲ್ಲಿ ತರಿಸೋಣ ಅಂತ ಮಗಳ ಹಠ. ಅವಳು ಫೋನಲ್ಲಿ ಒಂದನ್ನು ನೋಡಿಟ್ಟುಕೊಂಡಿದ್ದಳು. ಕಿತ್ತಳೆ ಬಣ್ಣ, ಕಣಕಾಲು ಮುಚ್ಚುವ ಕಾಲರ್, ಲೇಸೇ ಇಲ್ಲ. ಬೆಲೆ ನೋಡಿದರೆ ನಮ್ಮ ತಿಂಗಳ ದಿನಸಿ ಬರುತ್ತೆ.

ಅಂಗಡಿಯವರು ಆಸ್ಟಿನ್ ಟೌನ್ ಕಡೆಯವರು, ಹರೆಯದಲ್ಲಿ ಸಿ ಡಿವಿಜನ್ ಲೀಗ್ ಆಡಿದವರಂತೆ. "ಮಗಳಿಗೆ ಫುಟ್‌ಬಾಲ್ ಬೂಟು ಬೇಕಿತ್ತು" ಅಂದೆ. ಸೈಜು ಕೇಳ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, "ಯಾವ ನೆಲದಲ್ಲಿ ಆಡ್ತಾಳೆ, ಮೇಡಂ?"

ವಾರದಲ್ಲಿ ನಾಲ್ಕು ದಿನ ಶಾಲೆಯ ಮಣ್ಣು, ವಾರಾಂತ್ಯಕ್ಕೆ ಗಂಟೆಗಿಷ್ಟು ಅಂತ ಬಾಡಿಗೆಗೆ ಸಿಗುವ ಕೃತಕ ಹುಲ್ಲಿನ ಟರ್ಫ್ ಅಂದೆ. ಅವರು ಸೀರೆ ಅಂಗಡಿಯವರು ಸೀರೆ ಹರಡುವ ಹಾಗೆ ಒಂದಾದ ಮೇಲೊಂದು ಬೂಟು ತೆಗೆದು ಗಾಜಿನ ಮೇಜಿನ ಮೇಲೆ ಹರಡಿದರು. ಎಲ್ಲ ಕವುಚಿಯೇ. ಬಣ್ಣ ಕಾಣಿಸಲೇ ಇಲ್ಲ.

ಮೊದಲನೆಯದು ಎಫ್‌ಜಿ, ಅಂದರೆ ಫರ್ಮ್ ಗ್ರೌಂಡ್. ಗಟ್ಟಿ ಪ್ಲಾಸ್ಟಿಕ್ ತಳ, ಅದರ ಜೊತೆಗೇ ಅಚ್ಚು ಹೊಯ್ದ ಹತ್ತು ಹನ್ನೆರಡು ಸ್ಟಡ್. ಕೆಲವು ದುಂಡಗೆ, ಕೆಲವು ಬ್ಲೇಡಿನ ಆಕಾರ. ಒದ್ದೆಯಿಲ್ಲದ ನಿಜವಾದ ಹುಲ್ಲಿಗೆ. ಅಣ್ಣನ ಮಗನದು ಇದೇ ಜಾತಿ. ಎರಡನೆಯದು ಎಸ್‌ಜಿ, ಸಾಫ್ಟ್ ಗ್ರೌಂಡ್. ಉದ್ದನೆಯ ಲೋಹದ ಸ್ಟಡ್, ಸಾಮಾನ್ಯವಾಗಿ ಆರು, ಕೀಲಿ ಹಾಕಿ ತಿರುಗಿಸಿ ಬಿಚ್ಚಬಹುದು. ಕೆಸರು ಹುಲ್ಲಿಗೆ. ಮೂರನೆಯದು ಎಜಿ, ಕೃತಕ ಹುಲ್ಲಿನದು. ಸ್ಟಡ್ ಗಿಡ್ಡ, ಸಂಖ್ಯೆ ಜಾಸ್ತಿ, ತುದಿ ಎಷ್ಟೋ ಸಲ ಟೊಳ್ಳು. ನಾಲ್ಕನೆಯದು ಟಿಎಫ್, ಟರ್ಫ್ ಬೂಟು. ಸ್ಟಡ್ ಅನ್ನೋಕಾಗಲ್ಲ. ರಬ್ಬರ್ ತಳದ ತುಂಬ ಸಣ್ಣ ಸಣ್ಣ ಗುಬುಟು, ಹಿಮ್ಮಡಿ ಕೆಳಗೆ ಒಂದಿಷ್ಟು ಮೆತ್ತೆ. ಕೊನೆಯದು ಒಳಾಂಗಣದ್ದು, ಚಪ್ಪಟೆ ತಳ, ಅದು ನಮಗೆ ಬೇಡ.

ಎಸ್‌ಜಿ ಕೈಲಿ ಹಿಡಿದು ಅವರು ಒಂದು ಕಥೆ ಹೇಳಿದರು. 1954ರ ವಿಶ್ವಕಪ್ ಫೈನಲ್, ಸ್ವಿಟ್ಜರ್‌ಲ್ಯಾಂಡಿನ ಬರ್ನ್ ಊರಲ್ಲಿ. ಎದುರಿಗೆ ಹಂಗೇರಿ, ಆ ಕಾಲಕ್ಕೆ ಸೋಲೇ ಇಲ್ಲದ ಟೀಮು. ಮಳೆ ಹಿಡಿಯಿತು. ಪಶ್ಚಿಮ ಜರ್ಮನಿಯವರ ಬೂಟು ಮಾಡಿಕೊಟ್ಟಿದ್ದು ಆದಿ ಡಾಸ್ಲರ್, ಅಡಿಡಾಸ್ ಕಟ್ಟಿದವರು. ತಿರುಗಿಸಿ ಹಾಕುವ ಸ್ಟಡ್ ಇದ್ದುದರಿಂದ ಕೆಸರಿಗೆ ತಕ್ಕ ಉದ್ದದ್ದು ಹಾಕಿಕೊಂಡರು. ಎರಡು ಗೋಲು ಹಿಂದೆ ಬಿದ್ದಿದ್ದವರು 3-2ರಲ್ಲಿ ಗೆದ್ದರು. ಗೆದ್ದಿದ್ದು ಬೂಟಿನಿಂದಲೇ ಅಂತ ನಾನು ನಂಬಲ್ಲ, ಆದರೆ ಅಂಗಡಿಯವರಿಗೆ ಇದಕ್ಕಿಂತ ಒಳ್ಳೇ ಕಥೆ ಬೇಕಾ?

"ಹಂಗಾದ್ರೆ ಮಳೆಗಾಲಕ್ಕೆ ಇದು ತಗೊಳ್ಳೋಣ" ಅಂದಳು ಮಗಳು. ಬೇಡ ಅಂದರು. ನಮ್ಮ ಮಣ್ಣಿನ ಮೈದಾನದಲ್ಲಿ ಮಳೆ ಬಂದರೆ ಮೇಲೆ ಒಂದಿಂಚು ಕೆಸರು, ಕೆಳಗೆ ಅದೇ ಗಟ್ಟಿ ನೆಲ. ಉದ್ದ ಸ್ಟಡ್ ಕೆಸರು ದಾಟಿ ಗಟ್ಟಿ ನೆಲದ ಮೇಲೆ ಜಾರುತ್ತೆ. ಜೊತೆಗೆ ಎಷ್ಟೋ ಟರ್ಫ್‌ನವರು ಲೋಹದ ಸ್ಟಡ್ ಕಂಡರೆ ಒಳಗೇ ಬಿಡಲ್ಲ.

ಟರ್ಫ್ ವಿಷಯದಲ್ಲಿ ಅವರು ಸ್ವಲ್ಪ ಗಂಭೀರವಾದರು. ಕೃತಕ ಹುಲ್ಲು ಕಾಲನ್ನು ಜಾಸ್ತಿ ಹಿಡಿಯುತ್ತೆ. ನಿಜ ಹುಲ್ಲಾದರೆ ಕಾಲು ತಿರುಗಿದಾಗ ಮಣ್ಣು ಕಿತ್ತುಕೊಂಡು ಬರುತ್ತೆ, ಸ್ಟಡ್ ಬಿಡಿಸಿಕೊಳ್ಳುತ್ತೆ. ಟರ್ಫಲ್ಲಿ ಬ್ಲೇಡ್ ಸ್ಟಡ್ ಸಿಕ್ಕಿಕೊಂಡರೆ ಪಾದ ಅಲ್ಲೇ ನಿಲ್ಲುತ್ತೆ, ಮೈ ತಿರುಗುತ್ತೆ, ಮಧ್ಯದಲ್ಲಿ ಸಿಕ್ಕೋದು ಮಂಡಿ. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನೋ ನಾರು ಹರಿಯೋದು ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ ಅನ್ನೋದನ್ನು ನಮ್ಮ ಡಾಕ್ಟರೂ ಹೇಳಿದ್ದರು. ಅದಕ್ಕೇ ಅಲ್ಲಿ ಗಿಡ್ಡ ಸ್ಟಡ್ಡೋ ಗುಬುಟೋ ಒಳ್ಳೇದು. ಎಫ್‌ಜಿ ಹಾಕಿಕೊಂಡು ಟರ್ಫಲ್ಲಿ ಆಡಿ ತಳ ಕಿತ್ತು ಬಂದರೆ ಎಷ್ಟೋ ಕಂಪನಿಗಳು ವಾರಂಟಿ ಕೊಡಲ್ಲ ಅನ್ನೋದು ಬೇರೆ ಮಾತು.

ಒಂದೇ ಊರಲ್ಲೂ ನೆಲ ಎಷ್ಟು ಬದಲಾಗುತ್ತೆ ನೋಡಿ. ಬೆಂಗಳೂರು ಎಫ್‌ಸಿ 2013ರಲ್ಲಿ ಶುರುವಾದಾಗ ಮೊದಲ ಸೀಸನ್ ಆಡಿದ್ದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನ ಕೃತಕ ಹುಲ್ಲಿನ ಮೇಲೆ. ಮರುವರ್ಷ ಕಂಠೀರವದ ನಿಜ ಹುಲ್ಲಿಗೆ ಹೋದರು. ಅಂಥವರ ಹತ್ತಿರ ನೆಲಕ್ಕೊಂದು ಬೂಟು ಇರುತ್ತೆ. ನಮಗೆ ಒಂದೇ ಜೊತೆ, ಎರಡು ನೆಲ. ಗಟ್ಟಿ ಮಣ್ಣು, ಟರ್ಫ್ ಎರಡಕ್ಕೂ ಆಗೋದು, ಹಿಮ್ಮಡಿಗೂ ಹಿತವಾದದ್ದು ಟಿಎಫ್ ಅಂತ ತೀರ್ಮಾನ ಆಯ್ತು. ಮಗಳ ಮುಖ ಸಣ್ಣಗಾಯಿತು. "ಇದು ಸ್ಟಡ್ಸೇ ಅಲ್ಲ, ಎಲ್ಲರೂ ನಗ್ತಾರೆ."

ಅದಕ್ಕೆ ಅಂಗಡಿಯವರು ಇನ್ನೊಂದು ಕಥೆ ತೆಗೆದರು. 1948ರ ಲಂಡನ್ ಒಲಿಂಪಿಕ್ಸಲ್ಲಿ ನಮ್ಮವರು ಬಹಳಷ್ಟು ಜನ ಬರಿಗಾಲಲ್ಲೇ ಫ್ರಾನ್ಸ್ ವಿರುದ್ಧ ಇಳಿದಿದ್ದರು. 2-1ರಲ್ಲಿ ಸೋತರೂ ನಮ್ಮ ಕಡೆಯ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಮುಂದೆ 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ 10-1ರಲ್ಲಿ ಬಡಿಯಿತು. ಆ ಒಂದು ಗೋಲೂ ನಮ್ಮೂರಿನ ಅಹ್ಮದ್ ಖಾನ್ ಅವರದು. ಅದಾದ ಮೇಲೇ ನಮ್ಮಲ್ಲಿ ಬೂಟು ಕಡ್ಡಾಯ ಆಗಿದ್ದು. "ಅವ್ರಿಗೆ ಇದೂ ಇರ್ಲಿಲ್ಲ ಕಣಮ್ಮ" ಅಂದರು. "ಹಂಗಾದ್ರೆ ನಾನೂ ಬರಿಗಾಲಲ್ಲೇ ಆಡ್ತೀನಿ ಬಿಡಿ ಅಂಕಲ್" ಅಂದಳು. ಅವರಿಗೆ ನಗು ತಡೆಯೋಕಾಗಲಿಲ್ಲ.

ನೆಲ ಗೊತ್ತಾಯಿತು, ಇನ್ನು ಕಾಲು.

ಸಂಜೆ ಹೊತ್ತಿಗೆ ಬಂದಿದ್ದು ಒಳ್ಳೇದಾಯ್ತು ಅಂದರು. ದಿನವೆಲ್ಲ ನಿಂತು ಓಡಾಡಿದ ಮೇಲೆ ಪಾದ ಸ್ವಲ್ಪ ಊದಿಕೊಂಡಿರುತ್ತೆ, ಆಡುವಾಗಲೂ ಹಾಗೇ. ಆಟಕ್ಕೆ ಹಾಕುವ ದಪ್ಪ ಸಾಕ್ಸ್ ಹಾಕಿಸಿದರು. ಡಬ್ಬದ ಮುಚ್ಚಳದ ಮೇಲೆ ನಿಲ್ಲಿಸಿ ಪೆನ್ಸಿಲ್ ನೆಟ್ಟಗೆ ಹಿಡಿದು ಎರಡೂ ಪಾದದ ಸುತ್ತ ಗೆರೆ ಎಳೆದರು. ಎಡಗಾಲು ಬಲಗಾಲಿಗಿಂತ ಒಂಚೂರು ಉದ್ದ. ಬಹಳ ಜನಕ್ಕೆ ಎರಡೂ ಪಾದ ಒಂದೇ ಅಳತೆ ಇರಲ್ಲವಂತೆ. ದೊಡ್ಡ ಕಾಲಿಗೆ ನೋಡಬೇಕು.

ಸೈಜ್ ನಂಬರನ್ನು ನಂಬಬೇಡಿ, ಸೆಂಟಿಮೀಟರ್ ನೋಡಿ ಅನ್ನೋದು ಅವರ ಬುದ್ಧಿಮಾತು. ಡಬ್ಬದ ಚೀಟಿಯಲ್ಲಿ ಮೂಲೆಯಲ್ಲಿ ಬರೆದಿರುತ್ತೆ. ನೈಕಿಯ ಯುಕೆ 7 ಅಂದರೆ 26 ಸೆಂಟಿಮೀಟರ್, ಅಡಿಡಾಸ್‌ನ ಯುಕೆ 7 ಅಂದರೆ 25.5. ನಂಬರ್ ಒಂದೇ, ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ವ್ಯತ್ಯಾಸ. ಬೂಟಿನಲ್ಲಿ ಅರ್ಧ ಸೆಂಟಿಮೀಟರ್ ಅಂದರೆ ಉಗುರು ಉಳಿಯೋದಕ್ಕೂ ಕಪ್ಪಾಗೋದಕ್ಕೂ ಇರುವ ದೂರ.

ನಮ್ಮತ್ತೆ ಮನೆಯಿಂದ ಹೊರಡುವಾಗಲೇ ಹೇಳಿದ್ದರು. "ಎರಡು ಸೈಜು ದೊಡ್ಡದೇ ತಗೊಳ್ಳಮ್ಮ, ಮುಂದಿನ ವರ್ಷಕ್ಕೂ ಆಗುತ್ತೆ. ಮುಂದಕ್ಕೆ ಹತ್ತಿ ತುರುಕಿದರೆ ಆಯ್ತು." ಯೂನಿಫಾರಂ ಲಂಗಕ್ಕೆ ಈ ಲೆಕ್ಕ ಸರಿ. ಬೂಟು ದೊಡ್ಡದಾದರೆ ಬ್ರೇಕ್ ಹಾಕಿದಾಗ ಪಾದ ಒಳಗೇ ಮುಂದೆ ಜಾರುತ್ತೆ, ಬೆರಳು ಗುದ್ದುತ್ತೆ, ಹಿಂದೆ ಹಿಮ್ಮಡಿ ಉಜ್ಜಿ ಬೊಬ್ಬೆ ಬರುತ್ತೆ. ಬೂಟು ಮಡಚುವ ಜಾಗ ಬೆರಳು ಮಡಚುವ ಜಾಗಕ್ಕೆ ಬರೋದೇ ಇಲ್ಲ. ಬೆಳೆಯೋ ಮಕ್ಕಳಿಗೆ ಅರ್ಧ ಸೈಜ್ ಬಿಡಬಹುದು, ಅದಕ್ಕಿಂತ ಜಾಸ್ತಿ ಬೇಡ ಅಂದರು. ಅತ್ತೆಗೆ ಇದನ್ನು ಮನೆಗೆ ಬಂದು ವಿವರಿಸಿದೆ. ಅವರು ಒಪ್ಪಲಿಲ್ಲ.

ಉದ್ದಕ್ಕಿಂತ ನಮಗೆ ಕಷ್ಟವಾಗಿದ್ದು ಅಗಲ. ಮಗಳ ಪಾದ ಮುಂದೆ ಅಗಲ, ಹಿಂದೆ ಕಿರಿದು. ನನ್ನದೂ ಹಾಗೇ, ನಮ್ಮಮ್ಮನದೂ ಹಾಗೇ. ಅಂಗಡಿಯಲ್ಲಿ ಹುಡುಗಿಯರಿಗೆ ಅಂತ ಬೂಟೇ ಇರಲಿಲ್ಲ. ಹುಡುಗರದ್ದೇ ಸಣ್ಣ ಸೈಜು. ಹೆಂಗಸರ ಪಾದದಲ್ಲಿ ಹಿಮ್ಮಡಿ ಕಿರಿದು, ಪಾದದ ಕಮಾನು ಬೇರೆ ಥರ ಅನ್ನೋದು ದೊಡ್ಡ ಕಂಪನಿಗಳಿಗೂ ಈಚೆಗೆ ತಲೆಗೆ ಹೋಗಿದೆ. ನೈಕಿ 2023ರ ಮಹಿಳಾ ವಿಶ್ವಕಪ್ ಹೊತ್ತಿಗೆ ಫ್ಯಾಂಟಮ್ ಲೂನಾ ಅಂತ ಹೆಂಗಸರ ಪಾದವನ್ನೇ ಗಮನದಲ್ಲಿಟ್ಟು ಒಂದು ಬೂಟು ತಂದಿತು. ಮೊದಲ ಮಹಿಳಾ ವಿಶ್ವಕಪ್ ನಡೆದದ್ದು 1991ರಲ್ಲಿ. ಅಲ್ಲಿಂದ ಮೂವತ್ತು ವರ್ಷದ ಮೇಲಾಗಿತ್ತು, ಅಲ್ವಾ?

ಅಗಲ ನೋಡೋಕೆ ಅವರು ಒಂದು ಉಪಾಯ ಹೇಳಿಕೊಟ್ಟರು. ನನಗೆ ಇದು ಬಹಳ ಇಷ್ಟ ಆಯ್ತು, ಈಗ ನನ್ನ ವಾಕಿಂಗ್ ಶೂಗೂ ಹೀಗೇ ಮಾಡ್ತೀನಿ. ಬೂಟಿನ ಒಳಗಿನ ಅಟ್ಟೆಯನ್ನು ಹೊರಗೆ ಎಳೆದು ನೆಲದ ಮೇಲೆ ಇಡಿ. ಅದರ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ. ಪಾದ ಅಂಚಿನಿಂದ ಹೊರಗೆ ಚೆಲ್ಲಿದರೆ ಆ ಬೂಟು ನಿಮ್ಮದಲ್ಲ, ಮುಂದಕ್ಕೆ ಹೋಗಿ. ಮೊದಲ ಎರಡು ಜೊತೆಯಲ್ಲಿ ಮಗಳ ಕಿರುಬೆರಳು ಪೂರ್ತಿ ಆಚೆ ಇತ್ತು. ಅವಳು ಆಸೆಪಟ್ಟಿದ್ದ ಕಾಲರಿನ ಬೂಟಂತೂ ಪಾದದ ಮೇಲ್ಭಾಗ ಎತ್ತರ ಇರುವುದರಿಂದ ಒಳಗೇ ಹೋಗಲಿಲ್ಲ. ಅರ್ಧಕ್ಕೆ ಸಿಕ್ಕಿಕೊಂಡಿತು, ಎಳೆಯೋಕೆ ಅಂಗಡಿಯ ಹುಡುಗ ಬರಬೇಕಾಯ್ತು. ಹಾಗೆ ಆ ವಿಷಯ ತಾನಾಗೇ ಮುಗಿಯಿತು.

"ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಅಲ್ವಾ?" ಅಂತ ಕೇಳಿದೆ. ಚರ್ಮದ್ದಾದರೆ ಆಗುತ್ತೆ ಅಂದರು. ಅಡಿಡಾಸ್‌ನ ಕೋಪಾ ಮುಂಡಿಯಾಲ್ ಅಂತ 1979ರಲ್ಲಿ ಬಂದ ಬೂಟಿದೆ, ಕಪ್ಪು ಬಿಳುಪಿನದು. ಬಹಳ ಕಾಲ ಅದನ್ನು ಕಾಂಗರೂ ಚರ್ಮದಲ್ಲೇ ಮಾಡುತ್ತಿದ್ದರು. ಆ ಚರ್ಮ ತೆಳುವಾದರೂ ಗಟ್ಟಿ, ಕೆಲವೇ ಆಟದಲ್ಲಿ ಪಾದದ ಆಕಾರಕ್ಕೆ ಬಂದುಬಿಡುತ್ತೆ. ಪ್ರಾಣಿ ದಯೆಯವರ ಒತ್ತಾಯ ಜೋರಾಗಿ ನೈಕಿ, ಪ್ಯೂಮಾ ಎರಡೂ 2023ರಲ್ಲಿ ಕಾಂಗರೂ ಚರ್ಮ ಬಿಡ್ತೀವಿ ಅಂದವು. ನಮ್ಮ ಬಜೆಟ್ಟಿನಲ್ಲಿ ಸಿಗೋದೆಲ್ಲ ಸಿಂಥೆಟಿಕ್. ಅದು ಹೆಚ್ಚೇನೂ ಹಿಗ್ಗಲ್ಲ. ಅಂಗಡಿಯಲ್ಲಿ ಒತ್ತಿದ್ದು ಮೈದಾನದಲ್ಲೂ ಒತ್ತುತ್ತೆ.

ಕೊನೆಗೆ ಸರಿಹೋಗಿದ್ದು ಜಲಂಧರ್‌ನಲ್ಲಿ ತಯಾರಾದ ಒಂದು ನೀಲಿ ಟಿಎಫ್. ದೇಶ ಭಾಗ ಆದಾಗ ಸಿಯಾಲ್‌ಕೋಟ್‌ನಿಂದ ಬಂದ ಕಸುಬುದಾರರು ಜಲಂಧರ್‌ನಲ್ಲಿ ಕ್ರೀಡಾ ಸಾಮಾನಿನ ಉದ್ಯಮ ಕಟ್ಟಿದರು. ಇವತ್ತಿಗೂ ನಮ್ಮ ಶಾಲೆಗಳ ಚೆಂಡು, ಬೂಟು ಎಷ್ಟೋ ಆ ಕಡೆಯವೇ. ಬೆಲೆ ಸಾವಿರದ ಚಿಲ್ಲರೆ. ಹಾಕಿಸಿ ನಿಲ್ಲಿಸಿ ಬೆರಳ ಮುಂದೆ ಒತ್ತಿ ನೋಡಿದರು, ನನ್ನ ಕಿರುಬೆರಳಿನ ಅಗಲಕ್ಕಿಂತ ಕಡಿಮೆ ಜಾಗ. ಅಂಗಡಿ ಮೆಟ್ಟಿಲಿನ ಅಂಚಿನಲ್ಲಿ ತುದಿಗಾಲಲ್ಲಿ ನಿಲ್ಲಿಸಿದರು, ಹಿಮ್ಮಡಿ ಬೂಟಿನಿಂದ ಏಳಲಿಲ್ಲ. ಆಮೇಲೆ ಹೊರಗಿನ ಪ್ಯಾಸೇಜಿನಲ್ಲಿ ಓಡಿ ಗಕ್ಕನೆ ತಿರುಗು ಅಂದರು. ಪಕ್ಕದ ಬಟ್ಟೆ ಅಂಗಡಿಯವರು ದಾರಿ ಬಿಟ್ಟು ನಿಂತರು, ಅವರಿಗೆ ಇದು ದಿನದ ಗೋಳು ಅನ್ನಿಸುತ್ತೆ. ಲೇಸು ಕಟ್ಟುವಾಗ ಪಾದದ ಎತ್ತರದ ಜಾಗದಲ್ಲಿ ಅಡ್ಡ ಹಾಕದೆ, ಒಂದು ಜೊತೆ ತೂತು ಬಿಟ್ಟು ನೇರ ಮೇಲಕ್ಕೆ ತೆಗೆದುಕೊಂಡು ಹೋದರು. ಒತ್ತಡ ಅಲ್ಲಿ ಬೀಳಲ್ಲ. ಹೀಗೂ ಕಟ್ಟಬಹುದು ಅಂತ ನಮಗೆ ಯಾರು ಹೇಳಿದ್ದರು?

ಮನೆಯಲ್ಲಿ ಸಂಜೆ ಹೊತ್ತು ಅರ್ಧ ಅರ್ಧ ಗಂಟೆ ಹಾಕಿಕೊಂಡು ಓಡಾಡಿಸಿ, ಆಮೇಲೆ ಆಟಕ್ಕೆ ಕಳಿಸಿದೆ. ಹಿಮ್ಮಡಿಯ ಪ್ಯಾಡು ಹಾಗೇ ಇತ್ತು. ನೋವು ಮತ್ತೆ ಅಷ್ಟು ಕಾಡಲಿಲ್ಲ. ಬೂಟು ಒಂದರಿಂದಲೇ ಅಂತಲ್ಲ, ಮೀನಖಂಡದ ವ್ಯಾಯಾಮವನ್ನು ನಾನು ಟಿವಿ ಮುಂದೆ ನಿಲ್ಲಿಸಿ ಮಾಡಿಸುತ್ತಿದ್ದೆ. ಕಾಡಿದ್ದು ಟರ್ಫಿನ ಕಪ್ಪು ರಬ್ಬರ್ ಕಾಳು. ಹಳೇ ಟೈರ್ ಪುಡಿ ಮಾಡಿ ಹುಲ್ಲಿನ ಮಧ್ಯೆ ಸುರಿದಿರ್ತಾರೆ. ಅದು ಬೂಟಲ್ಲಿ, ಸಾಕ್ಸಲ್ಲಿ, ಹಾಸಿಗೆಯಲ್ಲಿ, ಒಮ್ಮೆ ಚಪಾತಿ ಹಿಟ್ಟಿನಲ್ಲೂ. ಈಗ ಬೂಟು ಬಾಗಿಲ ಹೊರಗೇ ಕೊಡವಬೇಕು ಅಂತ ಕಾನೂನು.

ಮಳೆಗಾಲ ಮುಗಿಯುವ ಹೊತ್ತಿಗೆ ಬಲಗಾಲಿನ ಬೂಟು ಮುಂದೆ ಬಾಯಿ ಬಿಟ್ಟಿತು. ಅವಳು ಹೊಡೆಯುವಾಗ ಬಲಗಾಲಿನ ತುದಿ ನೆಲಕ್ಕೆ ಉಜ್ಜುತ್ತೆ, ಅಲ್ಲಿಂದಲೇ ಶುರು. ಒದ್ದೆ ಬೂಟನ್ನು ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಬ್ಯಾಗಲ್ಲಿ ಇಡುತ್ತಿದ್ದುದು ಇನ್ನೊಂದು. ತೇವ ಒಳಗೇ ಕೂತರೆ ಅಂಟು ಸಡಿಲ ಆಗುತ್ತೆ. ಬಿಸಿಲಿಗೆ, ಹೀಟರ್ ಮುಂದೆ ಇಟ್ಟು ಒಣಗಿಸಿದರೂ ಅಂಟು ಕೆಡುತ್ತೆ. ಅಟ್ಟೆ ಹೊರಗೆ ತೆಗೆದು, ಒಳಗೆ ಹಳೇ ಪೇಪರ್ ತುರುಕಿ, ಗಾಳಿ ಆಡುವ ನೆರಳಲ್ಲಿ ಇಡಬೇಕು. ಒಂದು ಗಂಟೆ ಬಿಟ್ಟು ಪೇಪರ್ ಬದಲಾಯಿಸಬೇಕು.

ಮಗಳು ನನಗೆ ಹೇಳದೆ, ತಕ್ಷಣ ಅಂಟುವ ಸಣ್ಣ ಟ್ಯೂಬಿನ ಗಮ್ ತಂದು ಅಂಟಿಸಿಕೊಂಡಿದ್ದಳು. ಮೊದಲ ಪ್ರಾಕ್ಟೀಸಿಗೇ ಪಟಪಟ ಅಂತ ಬಿಟ್ಟಿತು. "ಬಿಸಾಕು, ಹೊಸದು ತಗೊಂಡ್ರಾಯ್ತು" ಅಂದರು ಯಜಮಾನರು. ಮೇಲ್ಭಾಗ ಎಲ್ಲ ಚೆನ್ನಾಗಿತ್ತು. ಬಿಸಾಕೋಕೆ ಮನಸ್ಸು ಬರಲಿಲ್ಲ.

ನಮ್ಮ ಬಸ್ ಸ್ಟಾಪಿನ ಹತ್ತಿರ ಸರ್ಕಾರದ ಚರ್ಮೋದ್ಯಮ ನಿಗಮದ ಲಿಡ್ಕರ್ ಅನ್ನೋ ಹೆಸರು ಬರೆದ ಪೆಟ್ಟಿಗೆ ಅಂಗಡಿಯಲ್ಲಿ ಚಪ್ಪಲಿ ರಿಪೇರಿ ಮಾಡುವ ಒಬ್ಬ ಹಿರಿಯರು ಕೂರುತ್ತಾರೆ. ನನ್ನ ಹ್ಯಾಂಡ್‌ಬ್ಯಾಗಿನ ಜಿಪ್ಪಿನಿಂದ ಪರಿಚಯ. ಬೂಟು ಕೈಗೆ ತೆಗೆದುಕೊಂಡು ಮುಂದೆ ಬಿಟ್ಟಿದ್ದ ಬಾಯಿಯನ್ನು ಹೆಬ್ಬೆರಳಲ್ಲಿ ಅಗಲಿಸಿದರು. ಒಳಗೆ ಗಾಜಿನ ಚೂರಿನ ಥರ ಬೆಳ್ಳಗೆ ಹೆಪ್ಪುಗಟ್ಟಿದ ಗಮ್. "ಯಾರಮ್ಮ ಇದನ್ನ ಹಾಕಿದ್ದು?" ನಾನು ಮಗಳನ್ನು ನೋಡಿದೆ. ಅವಳು ಬಸ್ಸು ನೋಡುತ್ತಿದ್ದಳು.

"ಇದು ಒಣಗಿದ್ರೆ ಕಲ್ಲು. ಬೂಟು ಹೆಜ್ಜೆ ಹೆಜ್ಜೆಗೂ ಮಡಚುತ್ತೆ, ಕಲ್ಲು ಮಡಚುತ್ತಾ? ಇದರ ಮೇಲೆ ನಾನು ಸೊಲ್ಯೂಷನ್ ಹಾಕಿದ್ರೂ ಹಿಡಿಯಲ್ಲ." ಅಂದವರು, ಬಿಟ್ಟಿದ್ದ ತಳವನ್ನು ಮುಚ್ಚುವ ಬದಲು ಇನ್ನಷ್ಟು ಕಿತ್ತರು. ನನಗೆ ಎದೆ ಝಲ್ ಅಂತು. ಅರೆಬರೆ ಹಿಡಿದಿರುವ ಜಾಗ ಬಿಟ್ಟರೆ ನಾಳೆ ಅಲ್ಲಿಂದ ಮತ್ತೆ ಬಿಡುತ್ತೆ, ಗಟ್ಟಿ ಹಿಡಿದಿರೋ ತನಕ ಬಿಡಿಸಲೇಬೇಕು ಅಂದರು. ಚರ್ಮ ಕೊಯ್ಯುವ ರಂಪಿಗೆಯಲ್ಲಿ ಗಮ್ಮನ್ನು ಕೆರೆದು ಕೆರೆದು ತೆಗೆದರು. ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಆಮೇಲೆ ಎರಡೂ ಮುಖಕ್ಕೆ ಉಪ್ಪುಕಾಗದ ಉಜ್ಜಿದರು. ನುಣುಪಾಗಿದ್ದರೆ ಅಂಟು ಹಿಡಿಯಲ್ಲ, ತರಿತರಿ ಇರಬೇಕು. ಬಟ್ಟೆಗೆ ತಿನ್ನರ್ ಹಾಕಿ ಒರೆಸಿದರು.

ಸೊಲ್ಯೂಷನ್ ಡಬ್ಬದಿಂದ ಬ್ರಷ್ಷಲ್ಲಿ ತೆಗೆದು ತಳಕ್ಕೂ ಮೇಲ್ಭಾಗಕ್ಕೂ ತೆಳ್ಳಗೆ ಬಳಿದು, ಬಾಯಿ ತೆರೆದೇ ಪಕ್ಕಕ್ಕಿಟ್ಟರು. ಬೇರೆಯವರ ಚಪ್ಪಲಿ ಉಂಗುಷ್ಠ ಹಾಕೋಕೆ ಶುರು ಮಾಡಿದರು. "ಅಂಟಿಸಲ್ವಾ ಯಜಮಾನ್ರೇ?" ಅಂದೆ. "ಹಸಿ ಇದ್ದಾಗ ಅಂಟಿಸೋದು ಕಾಗದಕ್ಕೆ ಅಮ್ಮಾ. ಇದು ಆರಬೇಕು." ಸ್ವಲ್ಪ ಹೊತ್ತಾದ ಮೇಲೆ ಬೆರಳ ತುದಿ ಮುಟ್ಟಿಸಿ ನೋಡಿದರು. ಬೆರಳಿಗೆ ಅಂಟು ಬರಲಿಲ್ಲ. ಆಗ ಮುಂದಿನ ತುದಿಯನ್ನು ಸರಿಯಾಗಿ ಕೂರಿಸಿ, ಅಲ್ಲಿಂದ ಹಿಂದಕ್ಕೆ ಒತ್ತುತ್ತಾ ಬಂದರು. ಇದು ಒಂದೇ ಸಲ, ಒಮ್ಮೆ ಮುಟ್ಟಿದರೆ ಆಚೀಚೆ ಸರಿಸೋಕಾಗಲ್ಲವಂತೆ. ಮೂರು ಕಾಲಿನ ಕಬ್ಬಿಣದ ಅಚ್ಚಿಗೆ ಬೂಟು ಕವುಚಿ ಹಾಕಿ ಸುತ್ತಿಗೆಯಲ್ಲಿ ತಟ್ಟಿದರು.

ನಾನು ದುಡ್ಡು ತೆಗೆಯೋಕೆ ಹೋದೆ. ಮುಗಿದಿರಲಿಲ್ಲ. ತಳದ ರಬ್ಬರ್ ಅಂಚಿನ ಸುತ್ತ ರಂಪಿಗೆಯ ಮೂಲೆಯಲ್ಲಿ ಕಾಲುವೆಯಂಥ ಸಣ್ಣ ಗೀರು ತೆಗೆದರು. ದಾರ ಅದರೊಳಗೆ ಮುಳುಗಿ ಕೂತರೆ ನೆಲಕ್ಕೆ ಉಜ್ಜಿ ಹರಿಯಲ್ಲ. ದಪ್ಪ ನೈಲಾನ್ ದಾರಕ್ಕೆ ಮೇಣ ಎಳೆದರು. ಎಡಗೈ ದಾರ ಹಿಡಿದು ಬೂಟಿನ ಒಳಗೆ, ಬಲಗೈಯಲ್ಲಿ ತುದಿಗೆ ಕೊಕ್ಕೆ ಇರುವ ಉಳಿ. ಹೊರಗಿನಿಂದ ಚುಚ್ಚೋದು, ಒಳಗಿನ ಬೆರಳು ಕಾಣದೆ ಕೊಕ್ಕೆಗೆ ದಾರ ಸಿಕ್ಕಿಸೋದು, ಕುಣಿಕೆ ಹೊರಗೆ ಎಳೆಯೋದು, ಅದರೊಳಗೆ ಇನ್ನೊಂದು ತುದಿ ತೂರಿಸಿ ಬಿಗಿಯೋದು. ಬೆರಳ ಅಳತೆ ಅಂದಾಜಿನ ಮೇಲೆ ಒಂದೊಂದೇ ಹೊಲಿಗೆ, ಒಂದೂ ಓರೆಯಿಲ್ಲ. ಮಗಳು ಫೋನ್ ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತು ನೋಡಿದಳು. ಮುಂದೆ ನೆಲಕ್ಕೆ ಉಜ್ಜುವ ಜಾಗಕ್ಕೆ ಒಂದು ತುಂಡು ಚರ್ಮವನ್ನು ಅಂಚು ತೆಳ್ಳಗೆ ಹೆರೆದು ಕೂರಿಸಿ ಕೊಟ್ಟರು. ನೀಲಿ ಬೂಟಿಗೆ ಕಂದು ಮೂಗು. ಇದಕ್ಕೂ ಯಾರೂ ನಗಲಿಲ್ಲವಂತೆ, ಕೇಳಿದೆ.

ನೂರೈವತ್ತು ಕೇಳಿದರು. ಕೊಟ್ಟೆ. ಎಡಗಾಲಿನದು ಬಿಟ್ಟಿರಲಿಲ್ಲ, ಅದಕ್ಕೂ ಹೊಲಿಗೆ ಹಾಕಿಸಿಕೊಂಡೆ. ಆಗ ಅವರು ಹೇಳಿದ್ದು, ಈ ಕಡೆಯ ಲೀಗ್ ಹುಡುಗರು ಹೊಸ ಬೂಟು ತಗೊಂಡ ದಿನವೇ ಡಬ್ಬದ ಸಮೇತ ತಂದು ಸುತ್ತ ಹೊಲಿಸಿಕೊಂಡು ಹೋಗ್ತಾರೆ. ನಿಜ, ವಾರಂಟಿ ಹೋಗುತ್ತೆ, ತೂತಿನಲ್ಲಿ ಒಂಚೂರು ನೀರೂ ಬರುತ್ತೆ. ಆದರೆ ನಮ್ಮ ಗಟ್ಟಿ ನೆಲದಲ್ಲಿ ಬರೀ ಅಂಟನ್ನು ನಂಬೋದು ಕಷ್ಟ. ಅಣ್ಣನ ಮಗನ ಬೂಟಿನ ಮುರಿದ ಸ್ಟಡ್ ಬಗ್ಗೆಯೂ ಕೇಳಿದೆ. ಅಚ್ಚಿನ ಸ್ಟಡ್ ಮುರಿದರೆ ಏನೂ ಮಾಡೋಕಾಗಲ್ಲ, ಬೇರೆ ತುಂಡು ಅಂಟಿಸಿದರೆ ನಿಲ್ಲಲ್ಲ, ಹಾಗೇ ಹಾಕಿಕೊಂಡರೆ ಕಾಲು ಓರೆಯಾಗಿ ಬೀಳುತ್ತೆ ಅಂತ ವಾಪಸ್ ಕೊಟ್ಟರು. ಮಾಡಿಕೊಡೋಕೆ ಒಪ್ಪಿದ್ದರೆ ದುಡ್ಡು ಬರುತ್ತಿತ್ತು, ಒಪ್ಪಲಿಲ್ಲ.

ಆ ನೀಲಿ ಬೂಟು ಆಮೇಲೆ ಚೆನ್ನಾಗಿಯೇ ಬಾಳಿತು. ಹೊಲಿಗೆ ಬಿಡುವ ಮೊದಲು ಕಾಲು ಬೆಳೆಯಿತು. ಡಬ್ಬದ ಮುಚ್ಚಳದ ಗೆರೆ ಇಟ್ಟುಕೊಂಡಿದ್ದೆ. ತಿಂಗಳಿಗೊಮ್ಮೆ ಅದರ ಮೇಲೆ ನಿಲ್ಲಿಸಿ ಹೊಸ ಗೆರೆ ಎಳೆಯುತ್ತಿದ್ದೆ. ಬೆರಳ ಗೆರೆ ಬೂಟಿನ ಅಟ್ಟೆಯ ತುದಿಗೆ ಬಂದ ದಿನ ಅದನ್ನು ತೊಳೆದು ಅವಳ ಟೀಮಿನ ಚಿಕ್ಕ ಹುಡುಗಿಗೆ ಕೊಟ್ಟೆವು. ಆ ಹುಡುಗಿಯ ಅಮ್ಮನಿಗೆ ಫೋನ್ ಮಾಡಿ ಅಟ್ಟೆ ತೆಗೆದು ಅದರ ಮೇಲೆ ನಿಲ್ಲಿಸಿ ನೋಡಿ ಅಂತ ಹೇಳಿದೆ. ಸ್ವಲ್ಪ ಜಾಸ್ತಿಯೇ ಹೇಳಿದೆ ಅನ್ನಿಸುತ್ತೆ, ಅವರು ಹೂಂ ಹೂಂ ಅನ್ನುತ್ತಾ ಇಟ್ಟರು.

ಈಗ ಜಿಲ್ಲಾ ಮಟ್ಟದ ಪಂದ್ಯ ಇದೆ. ಅದು ನಿಜವಾದ ಹುಲ್ಲಿನ ಮೈದಾನ, ಹೋಗಿ ಕೈಯಲ್ಲಿ ಮುಟ್ಟಿ ನೋಡಿಕೊಂಡು ಬಂದಿದ್ದೀನಿ. ಮಗಳಿಗೆ ಕೊನೆಗೂ ಎಫ್‌ಜಿ ಸಿಕ್ಕಿತು, ದುಂಡು ಸ್ಟಡ್ಡಿನದು, ಕಿತ್ತಳೆ ಬಣ್ಣದ್ದೇ. ಅಂಗಡಿಯಿಂದ ಸೀದಾ ಬಸ್ ಸ್ಟಾಪಿಗೆ ತಂದೆವು. ಪೆಟ್ಟಿಗೆ ಅಂಗಡಿಗೆ ಬೀಗ. ಜಾತ್ರೆಗೆ ಊರಿಗೆ ಹೋಗಿದ್ದಾರೆ, ಸೋಮವಾರ ಬರ್ತಾರೆ ಅಂತ ಪಕ್ಕದ ಎಳನೀರಿನವರು ಹೇಳಿದರು. ಪಂದ್ಯ ಇರೋದು ಆ ಸೋಮವಾರ ಕಳೆದು ಬರುವ ಶನಿವಾರ. ಅಷ್ಟರೊಳಗೆ ಹೊಲಿಗೆ ಆಗುತ್ತೆ, ಅಲ್ಲಿವರೆಗೂ ಅದನ್ನು ಹಾಕಿಕೊಂಡು ಮನೆ ಟೈಲ್ಸ್ ಮೇಲೆ ಟಕಟಕ ಓಡಾಡಬೇಡ ಅಂತ ದಿನಾ ಹೇಳೋದಾಗಿದೆ.